ಆರನೆಯ ಪ್ರತಿಯ ಮೆಟ್ಟಿಲು

ಗ್ರೋನಿಂಗನ್ ಊರಿನ ವೋಲ್ಟರ್ ನೈದಾಮ್‌ಗೆ ದೇವರು ಕಡಿಮೆಯೇನೂ ಮಾಡಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಖಾಯಂ ಕೆಲಸ, ಕಾಲುವೆ ಕಾಣುವ ಎರಡನೆಯ ಮಹಡಿಯ ಮನೆ, ಹಿಲ್ಲೆಯಂಥ ಹೆಂಡತಿ, ಅರವತ್ತು ಹತ್ತಿರ ಬಂದರೂ ಉದುರದ ತಲೆಗೂದಲು, ಇಷ್ಟನ್ನೆಲ್ಲ ಕೊಟ್ಟಿದ್ದ. ಕೊಟ್ಟು ಸುಮ್ಮನಿರಬಾರದೇ? ಜೊತೆಗೆ ಲುಬ್ಬರ್ಟ್ ಕಾಮ್‌ಸ್ಟ್ರಾ ಎಂಬ ಗೆಳೆಯನನ್ನೂ ಕೊಟ್ಟುಬಿಟ್ಟ. ಅಲ್ಲಿಗೆ ಮಿಕ್ಕಿದ್ದೆಲ್ಲ ಕೊಟ್ಟೂ ಕೊಡದ ಹಾಗಾಯಿತು.

ಲುಬ್ಬರ್ಟ್ ಕೆಟ್ಟವನಾಗಿದ್ದರೆ ತೊಂದರೆಯೇ ಇರಲಿಲ್ಲ, ನಾಲ್ಕು ಬೈದು ಹಗುರಾಗಬಹುದಿತ್ತು. ಆದರೆ ಆಸಾಮಿ ಒಳ್ಳೆಯವನು. ಮನೆಮನೆಗೆ ಹೋಗಿ ಪಿಯಾನೊಗಳಿಗೆ ಶ್ರುತಿ ಕೂಡಿಸುವ ಕೆಲಸ ಅವನದು. ಹೆಂಡತಿ ತೀರಿಕೊಂಡ ಮೇಲೆ ಒಂದು ಬೆಕ್ಕು ಸಾಕಿಕೊಂಡು ಒಬ್ಬನೇ ಇದ್ದ. ಸಂತೆಯಲ್ಲಿ ಮೀನು ಮಾರುವವಳು ಅವನ ಪೊಟ್ಟಣಕ್ಕೆ ಮಾತ್ರ ಒಂದು ತುಂಡು ಹೆಚ್ಚಿಗೆ ಹಾಕುತ್ತಿದ್ದಳು. ಊರಿನವರಿಗೆಲ್ಲ ಎದುರುಗಾಳಿ ಬೀಸಿ ಸೈಕಲ್ ತುಳಿಯಲಾಗದ ದಿನವೂ ಲುಬ್ಬರ್ಟ್‌ಗೆ ಗಾಳಿ ಬೆನ್ನಿಗೇ ಬೀಸುತ್ತದೆ ಎಂದು ವೋಲ್ಟರ್ ಆಣೆ ಮಾಡಿ ಹೇಳುತ್ತಿದ್ದ.

ಈ ಹೊಟ್ಟೆಕಿಚ್ಚು ಹೊಸದೇನಲ್ಲ. ಚಿಕ್ಕಂದಿನಲ್ಲಿ ಅಣ್ಣನಿಗೆ ಹೊಸ ಸ್ಕೇಟು, ಇವನಿಗೆ ಅಣ್ಣನ ಹಳೆಯದು. ಕಾಲುವೆ ಹೆಪ್ಪುಗಟ್ಟಿದ ಚಳಿಗಾಲದಲ್ಲೆಲ್ಲ ಇವನ ಕಣ್ಣು ಮಂಜುಗಡ್ಡೆಯ ಮೇಲಿರದೆ ಅಣ್ಣನ ಕಾಲ ಮೇಲಿರುತ್ತಿತ್ತು, ಹಾಗಾಗಿ ಎಲ್ಲರಿಗಿಂತ ಹೆಚ್ಚು ಬೀಳುತ್ತಿದ್ದ. ದೊಡ್ಡವನಾದ ಮೇಲೆ ಅಣ್ಣ ಕೆನಡಾಕ್ಕೆ ಹೋದ. ಆ ಜಾಗ ಖಾಲಿ ಬಿತ್ತಲ್ಲ, ಅಲ್ಲಿಗೆ ಲುಬ್ಬರ್ಟ್ ಬಂದು ಕೂತ.

ಇಬ್ಬರನ್ನೂ ಕಟ್ಟಿಹಾಕಿದ್ದು ಪುಸ್ತಕಗಳು. ಓದುವ ಪುಸ್ತಕವಲ್ಲ, ನೋಡುವ ಪುಸ್ತಕ. ಕಟ್ಟಡಗಳ ಕಪ್ಪು ಬಿಳುಪು ಫೋಟೊಗಳು. ಕಟ್ಟಡ ಅಂದಮಾತ್ರಕ್ಕೆ ಬಾಗಿಲು, ಕಿಟಕಿ, ಮುಂದೆ ನಿಂತ ಜನ ಅಂದುಕೊಳ್ಳಬೇಡಿ. ಪುಟದ ಅರ್ಧ ಕಪ್ಪು, ಅರ್ಧ ಬಿಳಿ, ನಡುವೆ ಬೂದುಬಣ್ಣದ ಒಂದು ಗೆರೆ. ಅದು ಚರ್ಚಿನ ಛಾವಣಿಯೋ, ಕಾರು ನಿಲ್ಲಿಸುವ ಕಟ್ಟಡದ ಅಂಚೋ, ಯಾರಿಗೆ ಗೊತ್ತು? ಗೊತ್ತಾಗಬಾರದು ಅನ್ನುವುದೇ ಅದರ ಸೊಗಸು. ಇಂಥವನ್ನು ಮೂವತ್ತೋ ನಲವತ್ತೋ ಪ್ರತಿ ಮಾತ್ರ ಅಚ್ಚು ಹಾಕಿ, ಒಂದೊಂದರ ಮೇಲೂ ಸಂಖ್ಯೆ ಬರೆದು, ಆಮೇಲೆ ಅಚ್ಚಿನ ಫಲಕವನ್ನೇ ಒಡೆದುಹಾಕುತ್ತಾರೆ. ಹಿಲ್ಲೆಯ ತಾಯಿ ಆಲ್ಟ್ಯಜ್ಜಿ ಒಮ್ಮೆ ಕನ್ನಡಕ ಏರಿಸಿಕೊಂಡು ಒಂದು ಪುಟ ನೋಡಿ, "ಅಯ್ಯೋ, ಶಾಯಿ ಚೆಲ್ಲಿಬಿಟ್ಟಿದೆಯಲ್ಲಪ್ಪಾ, ವಾಪಸ್ ತಗೋತಾರಾ?" ಎಂದು ಕೇಳಿದ್ದಳು. ವೋಲ್ಟರ್ ವಾರವಿಡೀ ಅತ್ತೆಯ ಜೊತೆ ಮಾತಾಡಿರಲಿಲ್ಲ.

ಇಬ್ಬರ ಆರಾಧ್ಯದೈವ ಬ್ರೆಮೆನ್ನಿನ ಕ್ಲೆಮೆನ್ಸ್ ಹೋಲ್ಟೌ ಎಂಬ ಫೋಟೊಗ್ರಾಫರ್. ಅವನ ಪುಸ್ತಕಗಳನ್ನು ಡೆವೆಂಟರ್ ಊರಿನಲ್ಲಿ ಫೆನ್ನಾ ಎಂಬ ಹೆಂಗಸು ತನ್ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಬ್ಬಳೇ ಅಚ್ಚು ಹಾಕುತ್ತಿದ್ದಳು. ಅವಳದೊಂದು ಪದ್ಧತಿ. ಚಂದಾದಾರನಾದವನಿಗೆ ಮೊದಲ ದಿನವೇ ಒಂದು ಸಂಖ್ಯೆ, ಆ ಸಂಖ್ಯೆ ಸಾಯುವತನಕ ಅವನದೇ. ಪ್ರತಿ ಪುಸ್ತಕವೂ ಅದೇ ಸಂಖ್ಯೆಯಲ್ಲಿ ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಒಂದೇ ರೈಲಿನಲ್ಲಿ ಚಂದಾ ಕಟ್ಟಲು ಹೋಗಿದ್ದರು. ಕೊಟ್ಟಿಗೆಯ ಬಾಗಿಲು ಭಾರವಾಗಿತ್ತು. ವೋಲ್ಟರ್ ಮರ್ಯಾದಸ್ಥ, ಬಾಗಿಲನ್ನು ಎಳೆದು ಹಿಡಿದ. ಲುಬ್ಬರ್ಟ್ "ಥ್ಯಾಂಕ್ಸ್ ಕಣೋ" ಎಂದು ಒಳಗೆ ಹೋದ. ಒಳಗೆ ಹೋದವನಿಗೆ ಆರು, ಬಾಗಿಲು ಹಿಡಿದವನಿಗೆ ಏಳು. ಆ ದಿನದಿಂದ ವೋಲ್ಟರ್ ಯಾರಿಗೂ ಬಾಗಿಲು ಹಿಡಿದವನಲ್ಲ. ಅಂಗಡಿಗೆ ಬರುವ ಮುದುಕಿಯರಿಗೂ ಇಲ್ಲ.

ಆರಕ್ಕೂ ಏಳಕ್ಕೂ ಏನು ವ್ಯತ್ಯಾಸ, ಒಳಗಿರುವುದು ಅದೇ ಪುಸ್ತಕ ತಾನೆ ಎಂದು ಹಿಲ್ಲೆ ಕೇಳುತ್ತಿದ್ದಳು. ಇವನ ಮೈಯೆಲ್ಲ ಉರಿಯುತ್ತಿತ್ತು. ಆರರ ಕಪ್ಪು ಹೆಚ್ಚು ಕಪ್ಪಾಗಿದೆ ಎಂಬುದು ಇವನ ದೃಢವಾದ ನಂಬಿಕೆ. ಹೊಸ ಪುಸ್ತಕ ಬಂದಾಗ ಇಬ್ಬರೂ ಸೋಪು ಹಚ್ಚಿ ಕೈ ತೊಳೆದು, ಒಂದೇ ಮೇಜಿಗೆ ಕೂತು, ಒಟ್ಟಿಗೇ ಬಿಚ್ಚಿ, ಒಟ್ಟಿಗೇ ಪುಟ ತಿರುಗಿಸಬೇಕು, ಒಬ್ಬನನ್ನು ಬಿಟ್ಟು ಒಬ್ಬ ನೋಡಕೂಡದು ಎಂದು ಒಪ್ಪಂದವಿತ್ತು. ಆಗೆಲ್ಲ ವೋಲ್ಟರ್ ತನ್ನ ಪುಟವನ್ನು ಅರೆಗಣ್ಣಿನಲ್ಲಿ ನೋಡಿ ಲುಬ್ಬರ್ಟ್‌ನ ಪುಟವನ್ನು ಪೂರಾ ಕಣ್ಣಿನಲ್ಲಿ ನೋಡುತ್ತಿದ್ದ.

ಒಂದೇ ಒಂದು ವಿಷಯದಲ್ಲಿ ಮಾತ್ರ ವೋಲ್ಟರ್‌ನ ಕೈ ಮೇಲಿತ್ತು. ಕೆಲವು ವರ್ಷದ ಹಿಂದೆ ಹೋಲ್ಟೌ ಗ್ರೋನಿಂಗನ್ನಿಗೆ ಬಂದಿದ್ದ. ಊರಾಚೆ ಪಾಳುಬಿದ್ದ ಸಕ್ಕರೆ ಕಾರ್ಖಾನೆಯ ಫೋಟೊ ತೆಗೆಯಬೇಕಿತ್ತು, ಜಾಗ ತೋರಿಸಲು ಒಬ್ಬರು ಬೇಕೆಂದು ಫೆನ್ನಾಳ ಕಡೆಯಿಂದ ಹೇಳಿ ಕಳಿಸಿದ್ದ. ಅವತ್ತು ಲುಬ್ಬರ್ಟ್‌ಗೆ ಜ್ವರ. ವೋಲ್ಟರ್ ಅಂಗಡಿಗೆ ರಜೆ ಹಾಕಿ, ಮಹಾನುಭಾವನ ಮೂರುಕಾಲಿನ ಸ್ಟ್ಯಾಂಡನ್ನು ದಿನವಿಡೀ ಹೆಗಲ ಮೇಲೆ ಹೊತ್ತು ತಿರುಗಿದ. ಗೋಪುರದೊಳಗಿನ ಸುತ್ತುಮೆಟ್ಟಿಲನ್ನು ತೋರಿಸಿದ್ದು ಇವನೇ. ಹೋಲ್ಟೌ ಕೆಳಗೆ ಅಂಗಾತ ಮಲಗಿ ಕ್ಯಾಮೆರಾ ಮೇಲಕ್ಕೆ ಹಿಡಿದಾಗ, ಬೆಳಕು ಬೀಳದಂತೆ ತನ್ನ ಕೋಟು ಬಿಚ್ಚಿ ಕಿಟಕಿಗೆ ಅಡ್ಡ ಹಿಡಿದು ನಿಂತವನೂ ಇವನೇ. ಕೈ ನೋವಿನಿಂದ ಸೋತು ಬಿದ್ದುಹೋಗುವ ಹಾಗಾದರೂ ಇಳಿಸಲಿಲ್ಲ. ಈ ಕಥೆಯನ್ನು ಲುಬ್ಬರ್ಟ್‌ಗೆ ಅವನು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಲುಬ್ಬರ್ಟ್ ಪ್ರತಿಸಲವೂ ಬೆಕ್ಕಿನ ಬೆನ್ನು ಸವರುತ್ತ ಪೂರ್ತಿ ಕೇಳುತ್ತಿದ್ದ.

ಕಳೆದ ವರ್ಷ ಹೋಲ್ಟೌ ತೀರಿಕೊಂಡ. ಕೊನೆಯ ಪುಸ್ತಕವನ್ನು ಫೆನ್ನಾ ವಿಶೇಷವಾಗಿ ತರುತ್ತೇನೆಂದಳು. ಪ್ರತಿಯೊಂದರ ಜೊತೆಗೂ ಹೋಲ್ಟೌ ಕತ್ತಲೆಕೋಣೆಯಲ್ಲಿ ತನ್ನ ಕೈಯಾರೆ ತೊಳೆದು ಮಾಡಿದ ಒಂದು ಬಿಡಿ ಫೋಟೊ, ಒಬ್ಬೊಬ್ಬರಿಗೂ ಬೇರೆಬೇರೆ. ಯಾವ ಸಂಖ್ಯೆಗೆ ಯಾವ ಚಿತ್ರ ಎಂದು ಮೊದಲೇ ಚೀಟಿ ಹಾಕಿ ಎತ್ತಿ ಎಲ್ಲರಿಗೂ ತಿಳಿಸಿದಳು. ಏಳಕ್ಕೆ ಬ್ರೆಮೆನ್ನಿನ ಯಾವುದೋ ತಾರಸಿಯ ಅಂಚು.

ಆರಕ್ಕೆ ಸಕ್ಕರೆ ಕಾರ್ಖಾನೆಯ ಮೆಟ್ಟಿಲು.

ವೋಲ್ಟರ್ ಅದನ್ನು ಓದಿ ಕುರ್ಚಿಯಲ್ಲಿ ಕೂತವನು ಏಳಲೇ ಇಲ್ಲ. "ನನ್ನ ಮೆಟ್ಟಿಲು," ಅಂದ. "ಹಿಲ್ಲೆ, ನನ್ನ ಮೆಟ್ಟಿಲು ಕಣೇ ಅದು! ಆ ಹಾಳಾದವನು ಜ್ವರ ಅಂತ ಹೊದ್ದು ಮಲಗಿದ್ದ. ಅವನ ಮನೆ ಬಾಗಿಲಿಗೇ ಹೋಗಿ ಬೀಳಬೇಕಾ ಅದು?"

"ಕೇಳು ಅವನನ್ನ," ಅಂದಳು ಹಿಲ್ಲೆ, ಆಲೂಗಡ್ಡೆ ಸುಲಿಯುತ್ತ. "ಬದಲು ಮಾಡ್ಕೊಳ್ಳೋಣ ಅನ್ನು. ಬಾಯಿ ಇಲ್ವಾ ನಿಂಗೆ?"

"ಕೇಳಿದ್ರೆ ಕೊಟ್ಟುಬಿಡ್ತಾನೆ."

"ಮತ್ತೇನು ನಿನ್ನ ಗೋಳು?"

"ಅದೇ ಗೋಳು! ಕೊಟ್ಟು, ನಕ್ಕು, ಬೆನ್ನು ತಟ್ಟಿ ಹೋಗ್ತಾನೆ. ಆಮೇಲೆ ಬದುಕಿರೋ ತನಕ ಆ ಚಿತ್ರ ನೋಡಿದಾಗಲೆಲ್ಲ ನಂಗೆ ಮೆಟ್ಟಿಲು ಕಾಣಲ್ಲ, ಅವನ ಹಲ್ಲು ಕಾಣುತ್ತೆ."

ಹಿಲ್ಲೆ ಚಾಕು ಕೆಳಗಿಟ್ಟು ಗಂಡನನ್ನು ಒಂದು ಗಳಿಗೆ ನೋಡಿದಳು. ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡಳು. ಇಂಥವನನ್ನು ಕಟ್ಟಿಕೊಂಡು ಮೂವತ್ತು ವರ್ಷ ಬಾಳಿದ ಹೆಂಗಸು, ಹೇಳಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮೇ ತಿಂಗಳಲ್ಲಿ ಪೆಟ್ಟಿಗೆಗಳು ಬಂದವು. ಒಟ್ಟಿಗೇ ಬಿಚ್ಚಬೇಕಾದ್ದರಿಂದ ಎರಡೂ ಯಾವಾಗಲೂ ಲುಬ್ಬರ್ಟ್‌ನ ವಿಳಾಸಕ್ಕೇ ಬರುತ್ತಿದ್ದವು. ಬರುವ ಭಾನುವಾರ ವೋಲ್ಟರ್‌ನ ಅರವತ್ತನೆಯ ಹುಟ್ಟುಹಬ್ಬ. ಅವತ್ತೇ ಎಲ್ಲರೆದುರು ಬಿಚ್ಚೋಣ ಎಂದು ಮಾತಾಯಿತು. ಅಷ್ಟರಲ್ಲಿ ಲುಬ್ಬರ್ಟ್‌ಗೆ ಗಡಿಯಾಚೆ ಜರ್ಮನಿಯ ಒಂದು ಸಂಗೀತಶಾಲೆಯಲ್ಲಿ ಕೆಲಸ ಬಂತು. ಹೋಗುವ ಮುಂಚೆ ಅಂಗಡಿಗೇ ಬಂದು ಬೀಗದಕೈ ಕೊಟ್ಟ.

"ನನ್ನ ರಾಣಿಗೆ ಸಾಯಂಕಾಲ ಒಂದಿಷ್ಟು ಊಟ ಹಾಕೋ ಮಾರಾಯ. ಶನಿವಾರ ಬಂದ್ಬಿಡ್ತೀನಿ."

ರಾಣಿ ಅಂದರೆ ಬೆಕ್ಕು.

ಆ ಸಾಯಂಕಾಲ ವೋಲ್ಟರ್ ಬಾಗಿಲು ತೆರೆದು ಒಳಗೆ ಹೋದರೆ ಪಿಯಾನೊದ ಮೇಲೆ ಎರಡು ಬೂದುಬಣ್ಣದ ಪೆಟ್ಟಿಗೆಗಳು. ಒಂದರ ಮೇಲೆ ಆರು, ಇನ್ನೊಂದರ ಮೇಲೆ ಏಳು. ಬಿಸಿಲು ಇನ್ನೂ ಇತ್ತು, ಕಿಟಕಿಯಿಂದ ಬಂದು ಸರಿಯಾಗಿ ಆರರ ಮೇಲೇ ಬಿದ್ದಿತ್ತು. ಬಿಸಿಲಿಗೂ ಪಕ್ಷಪಾತ! ಬೆಕ್ಕು ಬಂದು ಕಾಲಿಗೆ ಸುತ್ತಿಕೊಂಡಿತು. ಇವನಿಗೆ ಅದರ ಪರಿವೆಯೇ ಇಲ್ಲ.

ಬರೀ ಮುಟ್ಟಿ ನೋಡೋಣ ಅಂದುಕೊಂಡ. ಮುಟ್ಟಿದ. ಬರೀ ದಾರ ಹೇಗೆ ಕಟ್ಟಿದ್ದಾಳೆ ನೋಡೋಣ ಅಂದುಕೊಂಡ. ದಾರ ಬಿಚ್ಚಿಕೊಂಡೇಬಿಟ್ಟಿತು. ಒಳಗೆ ತೆಳುಕಾಗದದಲ್ಲಿ ಸುತ್ತಿದ ಪುಸ್ತಕ, ಅದರ ಮೇಲೆ ಒಂದು ಕಪ್ಪು ಲಕೋಟೆ. ಲಕೋಟೆಯ ಬಾಯಿಗೆ ಫೆನ್ನಾಳ ಕಾಗದದ ಮುದ್ರೆ. ಸಂಖ್ಯೆ ಇರುವುದು ಪೆಟ್ಟಿಗೆಯ ಮೇಲೆ, ಪುಸ್ತಕದ ಮೇಲೆ. ಲಕೋಟೆಯ ಮೇಲೆ ಏನೂ ಇಲ್ಲ. ಏಳನ್ನೂ ಬಿಚ್ಚಿದ. ಅಂಥದೇ ಲಕೋಟೆ, ಅಂಥದೇ ಮುದ್ರೆ.

ಎರಡೂ ಲಕೋಟೆಗಳನ್ನು ಅಕ್ಕಪಕ್ಕ ಇಟ್ಟ. ಫೆನ್ನಾಗೆ ವಯಸ್ಸಾಯಿತು, ಊಟದ ಮೇಜಿನ ಮುಂದೆ ಒಬ್ಬಳೇ ಕೂತು ಕಟ್ಟುತ್ತಾಳೆ. ಆರರದ್ದು ಏಳಕ್ಕೆ, ಏಳರದ್ದು ಆರಕ್ಕೆ ಹೋದರೆ ಯಾರಿಗೆ ಅನುಮಾನ? ಭಾನುವಾರ ಎಲ್ಲರೆದುರು ತನ್ನ ಲಕೋಟೆಯಿಂದ ಮೆಟ್ಟಿಲು ಬರುತ್ತದೆ. ತಾನು "ಅರೆ, ಇದೇನಿದು!" ಅನ್ನಬೇಕು. ಬಂದವರ ಮುಂದೆ ಲುಬ್ಬರ್ಟ್ ವಾಪಸ್ ಕೊಡು ಅನ್ನುತ್ತಾನೆಯೇ? ಅನ್ನುವುದಿಲ್ಲ, ದೊಡ್ಡ ಮನುಷ್ಯ ಅಲ್ಲವೇ. ತಾನು ಕೇಳಿದಂತೆಯೂ ಇಲ್ಲ, ಅವನು ಕೊಟ್ಟಂತೆಯೂ ಇಲ್ಲ, ಯಾರ ಹಂಗೂ ಇಲ್ಲ.

ಬದಲಾಯಿಸಿದ. ಆರರ ಲಕೋಟೆ ಏಳಕ್ಕೆ ಬಂತು, ಏಳರದ್ದು ಆರಕ್ಕೆ ಹೋಯಿತು.

ಒಂದು ಸಲ ತೆಗೆದು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಲಿಲ್ಲ. ಲಕೋಟೆಯನ್ನು ಬೆಳಕಿಗೆ ಹಿಡಿದ, ಅಲ್ಲಾಡಿಸಿದ, ಮೂಸಿಯೂ ನೋಡಿದ. ಆದರೆ ಮುದ್ರೆ ಒಡೆಯುವುದು! ಅಯ್ಯಯ್ಯೋ, ಒಡೆದ ಮುದ್ರೆಯ ಪ್ರತಿ ಒಂದು ಪ್ರತಿಯೇ? ಗೆಳೆಯನ ಮನೆಯಲ್ಲಿ ಕದಿಯಲು ಅವನಿಗೆ ಕೈ ಬಂತು, ಕಾಗದದ ಒಂದು ಬಿಲ್ಲೆ ಹರಿಯಲು ಕೈ ಬರಲಿಲ್ಲ. ಪುಸ್ತಕ ಕೂಡಿಡುವ ಈ ಜಾತಿಯ ಜನವೇ ಹಾಗೆ. ದಾರವನ್ನು ಇದ್ದಂತೆಯೇ ಗಂಟು ಹಾಕಿ, ಸೀಟಿ ಹೊಡೆಯುತ್ತ ಮನೆಗೆ ಬಂದ. ಬಂದು ಚಪ್ಪಲಿ ಬಿಚ್ಚಿದ ಮೇಲೆ ಬೆಕ್ಕಿಗೆ ಊಟ ಹಾಕಿಲ್ಲವೆಂದು ನೆನಪಾಗಿ ಮತ್ತೆ ಓಡಿದ.

ಭಾನುವಾರ ನಡುಮನೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಂದವರೆಲ್ಲ ಆ ಕಡೆಯ ವಾಡಿಕೆಯಂತೆ ವೋಲ್ಟರ್‌ನ ಕೈ ಕುಲುಕಿ ಅಭಿನಂದನೆ ಎಂದರು, ಹಿಲ್ಲೆಗೆ ಗಂಡನ ಲೆಕ್ಕದಲ್ಲಿ ಅಭಿನಂದನೆ ಎಂದರು, ಆಲ್ಟ್ಯಜ್ಜಿಗೆ ಅಳಿಯನ ಲೆಕ್ಕದಲ್ಲಿ ಅಭಿನಂದನೆ ಎಂದರು. "ನಾನೇನು ಮಾಡಿದೆ? ಅವನು ತಾನಾಗೇ ಮುದುಕನಾದ," ಅಂದಳು ಅಜ್ಜಿ. ಕಾಫಿ, ಆಳಿಗೊಂದು ತುಂಡು ಕೇಕ್, ಆಮೇಲೆ ಸಾಸಿವೆ ಹಚ್ಚಿದ ಒಣ ಸಾಸೇಜು. ಲುಬ್ಬರ್ಟ್ ಎರಡು ಪೆಟ್ಟಿಗೆಗಳನ್ನೂ ಸೈಕಲ್ಲಿನ ಚೀಲದಲ್ಲಿ ಜೋಪಾನವಾಗಿ ತಂದಿದ್ದ. ಅವನ ಮುಖ ಹೊಳೆಯುತ್ತಿತ್ತು. ಹಿಲ್ಲೆಯ ಕಡೆ ನೋಡಿ ಕಣ್ಣು ಮಿಟುಕಿಸಿದ್ದನ್ನು ವೋಲ್ಟರ್ ಕಂಡ. ಮೆಟ್ಟಿಲು ತನ್ನದೆಂಬ ಗರ್ವ ನೋಡು ಇವನಿಗೆ, ಇರಲಿ, ಇನ್ನೊಂದು ಗಳಿಗೆ ಇರಲಿ ಎಂದುಕೊಂಡ.

ಇಬ್ಬರೂ ಅಡುಗೆಮನೆಗೆ ಹೋಗಿ ಕೈ ತೊಳೆದು ಬಂದರು.

"ಇವತ್ತು ನೀನೇ ಮೊದಲು ಬಿಚ್ಚು," ಅಂದ ಲುಬ್ಬರ್ಟ್. "ಹುಟ್ಟಿದೋನು ನೀನು."

"ಒಟ್ಟಿಗೇ ಬಿಚ್ಚೋದು ತಾನೆ ಕ್ರಮ?"

"ಕ್ರಮ ಹಾಳಾಗ್ಲಿ. ಬಿಚ್ಚಯ್ಯಾ, ತಡ ಮಾಡ್ಬೇಡ!"

ವೋಲ್ಟರ್ ದಾರ ಬಿಚ್ಚಿದ, ಲಕೋಟೆ ತೆಗೆದ. ಮುದ್ರೆಯ ಕೆಳಗೆ ಬೆಣ್ಣೆ ಹಚ್ಚುವ ಚಾಕು ತೂರಿಸಿ ಮೆಲ್ಲಗೆ ಎಬ್ಬಿಸಿದ. ಅರೆ, ಇದೇನಿದು ಎಂಬ ಮಾತನ್ನು ನಾಲಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು ಚಿತ್ರವನ್ನು ಹೊರಗೆಳೆದ.

ತಾರಸಿಯ ಅಂಚು. ಮೇಲೆ ಬಿಳಿ, ಕೆಳಗೆ ಕಪ್ಪು, ನಡುವೆ ಒಂದು ಗೆರೆ.

"ಮೆಟ್ಟಿಲಿರ್ಬೇಕಿತ್ತಲ್ಲ ಇದ್ರಲ್ಲಿ!" ಎಂದು ಕೂಗಿಬಿಟ್ಟ ವೋಲ್ಟರ್.

"ಮೆಟ್ಟಿಲಲ್ವಾ ಇದ್ದಿದ್ದು?" ಎಂದ ಲುಬ್ಬರ್ಟ್ ಅದೇ ಉಸಿರಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕುರ್ಚಿಗಳ ಸುತ್ತಿನಲ್ಲಿ ಯಾರೋ ಚಮಚ ಕೆಳಗಿಟ್ಟ ಸದ್ದಾಯಿತು.

"ನಿಂಗೆ ಹೇಗೆ ಗೊತ್ತು?" ಎಂದು ಲುಬ್ಬರ್ಟ್ ಮೆಲ್ಲಗೆ ಕೇಳಿದ. "ನಿಂದು ಏಳು. ಏಳಕ್ಕೆ ಬರಬೇಕಾಗಿದ್ದು ತಾರಸಿನೇ. ಮೆಟ್ಟಿಲು ಇರ್ಬೇಕಿತ್ತು ಅಂತ ನಿಂಗೆ ಯಾರು ಹೇಳಿದ್ರು? ಹಿಲ್ಲೆ, ನೀನು ಹೇಳಿದ್ಯಾ?"

"ನಾನೇನೂ ಹೇಳಿಲ್ಲ," ಅಂದಳು ಹಿಲ್ಲೆ. ಅವಳ ದನಿಯಲ್ಲಿ ಜೀವವಿರಲಿಲ್ಲ. "ಇವನಿಗೆ ಆ ಮೆಟ್ಟಿಲ ಮೇಲೇ ಆಸೆ ಅಂತ ಸಂತೆಯಲ್ಲಿ ನಿನ್ನ ಹತ್ರ ಹೇಳಿದ್ದಷ್ಟೇ. ಇವನ ಹತ್ರ ಬಾಯಿ ಬಿಟ್ಟಿಲ್ಲ."

ಲುಬ್ಬರ್ಟ್ ತನ್ನ ಪೆಟ್ಟಿಗೆಯ ದಾರ ಬಿಚ್ಚಿ, ಲಕೋಟೆಯ ಮುದ್ರೆಯನ್ನು ಬೆರಳಲ್ಲೇ ಹರಿದ. ಒಳಗಿಂದ ಮೆಟ್ಟಿಲು ಬಂತು. ಕಗ್ಗತ್ತಲೆಯೊಳಗೆ ಸುರುಳಿ ಸುರುಳಿಯಾಗಿ ಮೇಲೆ ಹೋಗುವ ಬೆಳಕಿನ ಸಣ್ಣ ಅಂಚು. ಕೂತವರೆಲ್ಲ ಕತ್ತು ಚಾಚಿ ನೋಡಿದರು. ಆಲ್ಟ್ಯಜ್ಜಿ ಕೂಡ ಶಾಯಿ ಚೆಲ್ಲಿದೆ ಅನ್ನಲಿಲ್ಲ.

"ಜರ್ಮನಿಗೆ ಹೋಗೋ ಮುಂಚೆ ಇದನ್ನ ನಾನೇ ನಿನ್ನ ಪೆಟ್ಟಿಗೇಲಿ ಇಟ್ಟಿದ್ದೆ," ಅಂದ ಲುಬ್ಬರ್ಟ್. "ಹುಟ್ಟುಹಬ್ಬಕ್ಕೆ ಅಂತ. ನಿನ್ನ ಲಕೋಟೆ ನನ್ನದರಲ್ಲಿಟ್ಟೆ."

"ಹಾಗಾದ್ರೆ ವಾಪಸ್ ಹೇಗೆ ಹೋಯ್ತು ಅದು?" ಎಂದು ಕೇಳಿದಳು ಆಲ್ಟ್ಯಜ್ಜಿ. ಅವಳೊಬ್ಬಳಿಗೇ ಇನ್ನೂ ಅರ್ಥವಾಗಿರಲಿಲ್ಲ.

ವೋಲ್ಟರ್‌ನ ಮುಖ ಸುಣ್ಣದಂತಾಗಿತ್ತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸುತ್ತಿದ್ದರೂ, ಆ ನಾಚಿಕೆಯ ಅಡಿಯಲ್ಲೂ ಹಳೆಯ ಕಿಚ್ಚು ಆರಿರಲಿಲ್ಲ. ಈಗ ಇವನು ಎದ್ದು, ನಕ್ಕು, ಚಿತ್ರವನ್ನು ನನ್ನ ಕೈಗಿಡುತ್ತಾನೆ, ಎಲ್ಲರೂ ಅಬ್ಬಾ ಏನು ದೊಡ್ಡ ಮನಸ್ಸು ಅನ್ನುತ್ತಾರೆ, ಒಳ್ಳೆಯತನದಲ್ಲೂ ಇವನೇ ಮುಂದೆ, ನಾನೇ ಹಿಂದೆ. ಕೊಡಬೇಡವೋ, ದಮ್ಮಯ್ಯ, ಕೊಡಬೇಡ ಎಂದು ಮನಸ್ಸಿನಲ್ಲೇ ಅಂಗಲಾಚಿದ.

ಲುಬ್ಬರ್ಟ್ ಕೊಡಲಿಲ್ಲ. ಚಿತ್ರವನ್ನು ಲಕೋಟೆಗೆ ಸೇರಿಸಿದ, ಲಕೋಟೆಯನ್ನು ಪೆಟ್ಟಿಗೆಗೆ. ದಾರ ಕಟ್ಟುತ್ತ, ಯಾರ ಮುಖವನ್ನೂ ನೋಡದೆ ಮಾತಾಡಿದ.

"ದೊಡ್ಡ ಮನಸ್ಸಿಂದ ಕೊಟ್ಟೆ ಅಂದ್ಕೋಬೇಡ. ನನ್ನ ಕೈಲಿ ತಡ್ಕೊಳ್ಳೋಕಾಗ್ತಿರ್ಲಿಲ್ಲ, ಅದಕ್ಕೆ ಕೊಟ್ಟೆ. ಆ ದಿನ ನಾನು ಜ್ವರ ಬಂದು ಬಿದ್ದಿದ್ದೆ, ನೀನು ಅವರ ಪಕ್ಕದಲ್ಲಿದ್ದೆ. ಕೋಟು ಹಿಡ್ಕೊಂಡು ನಿಂತಿದ್ದೆ. ಆ ಕಥೆ ನೀನು ಹೇಳಿದಾಗಲೆಲ್ಲ ನನ್ನ ಹೊಟ್ಟೆ ಹೇಗೆ ಉರೀತಿತ್ತು ಗೊತ್ತೇನೋ? ಬೆಕ್ಕು ಸವರ್ತಾ ಕೂತಿರ್ತಿದ್ದೆ, ಮುಖ ನಿಂಗೆ ಕಾಣಬಾರದು ಅಂತ. ನನ್ನ ಹತ್ರ ಇರೋದೆಲ್ಲ ಬರೀ ಪುಸ್ತಕ. ನೀನು ಅಲ್ಲಿ ಇದ್ದವನು. ಈ ಚಿತ್ರ ನನ್ನ ಗೋಡೆ ಮೇಲಿದ್ರೆ ದಿನಾ ಬೆಳಿಗ್ಗೆ ನಿನ್ನ ನೆನೆದು ಹೊಟ್ಟೆ ಉರ್ಕೋಬೇಕು, ನಿನ್ನ ಮನೇಲೇ ಇರ್ಲಿ ಅಂದ್ಕೊಂಡೆ."

ಜೀವಮಾನದಲ್ಲಿ ಅಷ್ಟು ಸಿಹಿಯಾದ ಮಾತನ್ನು ವೋಲ್ಟರ್ ಕೇಳಿರಲಿಲ್ಲ. ತನ್ನನ್ನು ಕಂಡು! ಲುಬ್ಬರ್ಟ್, ತನ್ನನ್ನು ಕಂಡು!

ಲುಬ್ಬರ್ಟ್ ಎದ್ದು ಕೋಟು ಹಾಕಿಕೊಂಡ. ಆರನೆಯ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡ. ವಾಡಿಕೆಯಂತೆ ಹಿಲ್ಲೆಯ ಕೆನ್ನೆಗೆ ಮೂರು ಮುತ್ತು ಕೊಟ್ಟ, ಅಜ್ಜಿಗೆ ನಮಸ್ಕಾರ ಹೇಳಿದ. ಬಾಗಿಲ ಬಳಿ ನಿಂತು ವೋಲ್ಟರ್‌ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ಈಗ ಪರವಾಗಿಲ್ಲ," ಅಂದ. "ಈಗ ನನ್ನ ಗೋಡೆಗೇ ಹಾಕ್ಕೊಳ್ಳಬಹುದು. ನಿನ್ನ ನೋಡಿದ್ರೆ ನಂಗೆ ಇನ್ನು ಹೊಟ್ಟೆ ಉರಿಯಲ್ಲ."

ಬಾಗಿಲು ಹಾಕಿಕೊಂಡಿತು. ವೋಲ್ಟರ್ ಕಿಟಕಿಗೆ ಓಡಿದ. ಕೆಳಗೆ ಲುಬ್ಬರ್ಟ್ ಪೆಟ್ಟಿಗೆಯನ್ನು ಸೈಕಲ್ ಚೀಲಕ್ಕೆ ಸೇರಿಸಿ, ಪಟ್ಟಿ ಬಿಗಿದು, ಕಾಲುವೆಯ ಗುಂಟ ತುಳಿಯುತ್ತ ಹೊರಟಿದ್ದ. ವೋಲ್ಟರ್ ಕಿಟಕಿ ತೆರೆದು "ಲುಬ್ಬರ್ಟ್!" ಎಂದು ಕೂಗಿದ. ಮತ್ತೆ ಕೂಗಿದ. ಲುಬ್ಬರ್ಟ್ ತಿರುಗಿ ನೋಡಲಿಲ್ಲ.